ಊರ್ವಶಿ ವೈದ್ (1958–2022): ಧಾರವಾಡದಲ್ಲಿ ಕುಳಿತು ಅವರನ್ನು ಏಕೆ ನೆನೆಯಬೇಕು?

ಧಾರವಾಡದ ಓದುಗಿ:

ಅಮೆರಿಕದಲ್ಲಿ ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ವಕೀಲೆ ಊರ್ವಶಿ ವೈದ್ ಅವರು 2022ರ ಮೇ 14ರಂದು ನ್ಯೂಯಾರ್ಕಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಬರಹಗಳೇ ಬಂದವು. ಕನ್ನಡದಲ್ಲಿ ಅವರ ಬಗ್ಗೆ ಓದಿದ ನೆನಪು ನನಗಿಲ್ಲ. ಆ ಕಾರಣಕ್ಕೆ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಅವರು ಹುಟ್ಟಿದ್ದು ದೆಹಲಿಯಲ್ಲಿ, 1958ರ ಅಕ್ಟೋಬರ್ 8ರಂದು. ತಂದೆಗೆ ನ್ಯೂಯಾರ್ಕ್ ರಾಜ್ಯದ ಉತ್ತರ ತುದಿಯ ಪಾಟ್ಸ್‌ಡ್ಯಾಮ್ ಎಂಬ ಸಣ್ಣ ಊರಿನಲ್ಲಿ ಅಧ್ಯಾಪಕ ವೃತ್ತಿ ದೊರೆತಾಗ ಮಗಳಿಗೆ ಎಂಟು ವರ್ಷ ತುಂಬುತ್ತಿತ್ತು. ಹನ್ನೊಂದನೆಯ ವಯಸ್ಸಿಗೇ ವಿಯೆಟ್ನಾಂ ಯುದ್ಧದ ವಿರುದ್ಧದ ಪ್ರತಿಭಟನೆಯಲ್ಲಿ ಪಾಲ್ಗೊಂಡ ಆ ಹುಡುಗಿ 1979ರಲ್ಲಿ ವ್ಯಾಸರ್ ಕಾಲೇಜಿನಿಂದ ಪದವಿಯನ್ನೂ, 1983ರಲ್ಲಿ ಬಾಸ್ಟನ್ನಿನ ನಾರ್ಥ್‌ಈಸ್ಟರ್ನ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿಯನ್ನೂ ಪಡೆದರು.

ಕಾನೂನು ಓದಿ ಮುಗಿಸಿದ ಮೇಲೆ ಅವರು ಆರಿಸಿಕೊಂಡ ಕೆಲಸ ಯಾವುದು ಎಂಬುದನ್ನು ಗಮನಿಸಬೇಕು. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ನಿನ ಕಾರಾಗೃಹ ವಿಭಾಗದಲ್ಲಿ ವಕೀಲರಾಗಿ ಸೇರಿ ಕೈದಿಗಳ ಪರವಾಗಿ ದುಡಿದರು. ಏಡ್ಸ್ ಹೆಸರು ಕೇಳಿದರೆ ವೈದ್ಯರೂ ಹಿಂಜರಿಯುತ್ತಿದ್ದ ಕಾಲವದು. ಹೊರಗಿನವರಿಗೇ ಔಷಧವಿಲ್ಲದಿರುವಾಗ ಜೈಲಿನೊಳಗಿನವರನ್ನು ಕೇಳುವವರಾರು? ಆ ಸಂಸ್ಥೆಯಲ್ಲಿ ಕೈದಿಗಳ ಏಡ್ಸ್ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಂಡವರು ಊರ್ವಶಿ. ಸಲಿಂಗಿಗಳ ಹಕ್ಕಿನ ಹೋರಾಟಕ್ಕೂ ಜೈಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಅವರ ಮುಂದಿನ ನಲವತ್ತು ವರ್ಷಗಳ ಬದುಕೇ ಉತ್ತರವಾಗಿ ನಿಂತಿದೆ.

1986ರಲ್ಲಿ ಅವರು ನ್ಯಾಷನಲ್ ಗೇ ಅಂಡ್ ಲೆಸ್ಬಿಯನ್ ಟಾಸ್ಕ್ ಫೋರ್ಸ್ ಎಂಬ ಸಲಿಂಗಿಗಳ ಹಕ್ಕಿನ ಸಂಸ್ಥೆಯನ್ನು ಸೇರಿದರು. ಸಲಿಂಗ ಸಂಬಂಧವನ್ನು ಅಪರಾಧವೆಂದು ಸಾರುವ ರಾಜ್ಯ ಕಾನೂನು ಸಿಂಧು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದೂ ಅದೇ ವರ್ಷ. 1989ರಿಂದ 1992ರವರೆಗೆ ಆ ಸಂಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿದ್ದ ಅವರು, ಅಂಥ ರಾಷ್ಟ್ರಮಟ್ಟದ ಸಂಸ್ಥೆಯನ್ನು ಮುನ್ನಡೆಸಿದ ಮೊದಲ ಬಿಳಿಯೇತರ ಮಹಿಳೆ. 1990ರ ಮಾರ್ಚಿನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಏಡ್ಸ್ ಕುರಿತು ಭಾಷಣ ಮಾಡುತ್ತಿದ್ದ ಸಭೆಯಲ್ಲಿ ಊರ್ವಶಿಯವರೂ ಕುಳಿತಿದ್ದರು. ಬರಿಯ ಮಾತಿಗೆ ಖರ್ಚು ಬರುವುದಿಲ್ಲ, ಏಡ್ಸ್‌ಗೆ ಹಣ ಬೇಕು ಎಂಬ ಅರ್ಥದ ಫಲಕವನ್ನು ಅವರು ಎತ್ತಿ ಹಿಡಿದರು. ಪೊಲೀಸರು ಬಂದು ಅವರನ್ನು ಹೊರಗೆ ಕರೆದೊಯ್ದರು. ಅವರ ಹೆಸರು ಹೇಳಿದರೆ ಈಗಲೂ ಬಹಳ ಜನರಿಗೆ ನೆನಪಾಗುವುದು ಆ ಚಿತ್ರವೇ. ನನಗೆ ಮಾತ್ರ ಆ ಫಲಕದ ಆಚೆಯ ಕೆಲಸ ದೊಡ್ಡದೆನಿಸುತ್ತದೆ: 1988ರಲ್ಲಿ ಆರಂಭವಾದ ‘ಕ್ರಿಯೇಟಿಂಗ್ ಚೇಂಜ್’ ಸಮಾವೇಶ. ಊರೂರಿನ ಕಾರ್ಯಕರ್ತರು ಒಂದೆಡೆ ಕೂಡಿ, ಹಣ ಹೇಗೆ ಕೂಡಿಸಬೇಕು, ಶಾಸಕರ ಬಾಗಿಲು ಹೇಗೆ ತಟ್ಟಬೇಕು, ಸಭೆ ಹೇಗೆ ನಡೆಸಬೇಕು ಎಂಬುದನ್ನೆಲ್ಲ ಕಲಿಯುವ ಆ ವಾರ್ಷಿಕ ಕೂಟವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

1995ರಲ್ಲಿ ಬಂದ ‘ವರ್ಚುವಲ್ ಈಕ್ವಾಲಿಟಿ’ ಎಂಬ ಪುಸ್ತಕದಲ್ಲಿ ಅವರು ತಮ್ಮ ಚಳವಳಿಯನ್ನೇ ಪ್ರಶ್ನಿಸಿದರು. ಅಧಿಕಾರಸ್ಥರು ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟರೆ, ಟಿವಿಯಲ್ಲಿ ಮುಖ ಕಂಡರೆ ಸಮಾನತೆ ಬಂದಂತೆ ಕಾಣುತ್ತದೆ, ಆದರೆ ಬಂದಿರುವುದಿಲ್ಲ ಎಂಬುದು ಅದರ ತಿರುಳು. ಬಡತನ, ವರ್ಣಭೇದ ಮತ್ತು ಗಂಡಾಳಿಕೆಯನ್ನು ಹಾಗೆಯೇ ಬಿಟ್ಟು, ಇರುವ ಏರ್ಪಾಟಿನೊಳಗೆ ನಮಗೂ ಒಂದು ಜಾಗ ಕೊಡಿ ಎಂದು ಕೇಳುವ ಚಳವಳಿಯು ತನ್ನವರಲ್ಲೇ ಅನುಕೂಲಸ್ಥರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಅವರು ವಾದಿಸಿದರು. ಸಲಿಂಗ ಸಂಬಂಧ ಅಪರಾಧವಲ್ಲವೆಂದ 2018ರ ಮತ್ತು ಸಲಿಂಗ ವಿವಾಹದ ಹಕ್ಕು ಇಲ್ಲವೆಂದ 2023ರ ನಮ್ಮ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಕಂಡಿರುವ ನಾವು ಈ ವಾದವನ್ನು ನಮ್ಮ ಕಡೆಯಿಂದ ಒರೆಗೆ ಹಚ್ಚಿ ನೋಡಬೇಕೆಂಬುದು ನನ್ನ ಆಸೆ.

ಗದಗಿನ ನಿವೃತ್ತ ಹಿಂದಿ ಮಾಸ್ತರ:

ಬಾಯಾರೇ, ಅವರ ತಂದೆಯ ಹೆಸರನ್ನು ನೀವು ಬರೆಯಲಿಲ್ಲ. ಅವರು ಹಿಂದಿಯ ಕಥೆಗಾರ, ಕಾದಂಬರಿಕಾರ ಕೃಷ್ಣ ಬಲದೇವ ವೈದ್. 1927ರಲ್ಲಿ ಈಗಿನ ಪಾಕಿಸ್ತಾನದಲ್ಲಿರುವ ಡಿಂಗಾದಲ್ಲಿ ಹುಟ್ಟಿ, ದೇಶ ಇಬ್ಭಾಗವಾದಾಗ ಈ ಕಡೆ ಬಂದವರು. ಹಾರ್ವರ್ಡಿನಲ್ಲಿ ಹೆನ್ರಿ ಜೇಮ್ಸ್ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರೂ ಸೃಜನಶೀಲ ಬರವಣಿಗೆಗೆ ಹಿಂದಿಯನ್ನೇ ಉಳಿಸಿಕೊಂಡವರು. ತಾಯಿ ಚಂಪಾ ವೈದ್ ಅವರೂ ಕವಿತೆ ಬರೆದವರು, ಚಿತ್ರ ಬಿಡಿಸಿದವರು. ನಾನು ಪಾಠ ಮಾಡುವಾಗ ವೈದ್ ಅವರ ಗದ್ಯವನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಅವರ ಹಿರಿಮೆಯನ್ನು ಹೇಳುವ ಹಿಂದಿ ಲೇಖನಗಳನ್ನೂ ಸಾಕಷ್ಟು ಓದಿದ್ದೇನೆ. ಅವರ ಕಿರಿಯ ಮಗಳು ಅಮೆರಿಕದಲ್ಲಿ ಏನು ಮಾಡುತ್ತಿದ್ದಾಳೆ ಎಂಬುದನ್ನು ಅವುಗಳಲ್ಲಿ ಒಂದೂ ನನಗೆ ತಿಳಿಸಲಿಲ್ಲ. 2020ರ ಫೆಬ್ರುವರಿಯಲ್ಲಿ ತಂದೆ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಬಂದ ಬರಹಗಳಿಂದಲೇ ನನಗೆ ವಿಷಯ ತಿಳಿದದ್ದು.

ಒಂದು ಮಾತು ಸೇರಿಸುತ್ತೇನೆ. ಮಗಳನ್ನು ನೆನೆಯುವಾಗ ತಂದೆಯ ಹೆಸರನ್ನು ಎಳೆದು ತರುವುದು ನಮ್ಮ ರೂಢಿ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೆ ಇಲ್ಲಿ ಅದಕ್ಕೊಂದು ಪ್ರಯೋಜನವಿದೆ: ಇದೆಲ್ಲ ಹೊರದೇಶದ ಗಾಳಿ, ನಮ್ಮ ಮನೆಗಳಲ್ಲಿ ಇಂಥವರಿಲ್ಲ ಎನ್ನುವವರ ಮುಂದೆ, ಹಿಂದಿ ಸಾಹಿತ್ಯದ ಒಂದು ದೊಡ್ಡ ಮನೆಯಲ್ಲಿಯೇ ಈಕೆ ಬೆಳೆದಳು ಎಂದು ಹೇಳಬಹುದು.

ವಿದ್ಯಾನಗರ ಹುಬ್ಬಳ್ಳಿ:

ನಾನು ಕಾರ್ಮಿಕ ಸಂಘಟನೆಯಲ್ಲಿ ಇದ್ದವನು. ಮೆಚ್ಚುಗೆಯ ನಡುವೆ ಒಂದು ತಕರಾರನ್ನು ದಾಖಲಿಸಬೇಕೆನಿಸುತ್ತದೆ. ಅಧ್ಯಕ್ಷರ ಸಭೆಯಲ್ಲಿ ಫಲಕ ಹಿಡಿದ ಇದೇ ಊರ್ವಶಿ ವೈದ್ 2001ರಿಂದ ಫೋರ್ಡ್ ಫೌಂಡೇಷನ್ನಿನಲ್ಲಿ, 2005ರಿಂದ 2010ರವರೆಗೆ ಆರ್ಕಸ್ ಫೌಂಡೇಷನ್ನಿನ ಮುಖ್ಯಸ್ಥೆಯಾಗಿ, ಶ್ರೀಮಂತರ ಹಣವನ್ನು ಹಂಚುವ ಮೇಜಿನ ಆ ಬದಿಯಲ್ಲಿ ಕುಳಿತರು. 2012ರಲ್ಲಿ ಲೆಸ್ಬಿಯನ್ ಮಹಿಳೆಯರ ಪರವಾಗಿ ಚುನಾವಣೆಗೆ ಹಣ ಕೂಡಿಸುವ ‘ಎಲ್‌ಪ್ಯಾಕ್’ ಸ್ಥಾಪನೆಯಲ್ಲಿಯೂ ಮುಂದಾದರು. ದಾನಿಗಳ ಹಣದಿಂದ ನಡೆಯುವ ಸಂಘಟನೆ ಕಡೆಗೆ ದಾನಿಗಳ ಮಾತನ್ನೇ ಆಡುತ್ತದೆ ಎಂಬುದನ್ನು ನಾವು ನಮ್ಮ ಭಾಗದಲ್ಲಿ ಕಣ್ಣಾರೆ ಕಂಡಿದ್ದೇವೆ: ಯೋಜನೆ ಮುಗಿಯಿತೆಂದರೆ ಕಚೇರಿ ಮುಚ್ಚಿತು, ಬೋರ್ಡು ಇಳಿಯಿತು, ನಿನ್ನೆಯವರೆಗೆ ಮನೆಮನೆಗೆ ಬರುತ್ತಿದ್ದವರು ಬೇರೆ ಯೋಜನೆಗೆ ಹೋದರು. ಚಂದಾ ಕೊಟ್ಟ ಸದಸ್ಯರೇ ಒಡೆಯರಾಗಿರುವ ಸಂಘಟನೆಗೂ ಇದಕ್ಕೂ ಇರುವ ಅಂತರ ಅವರಂಥ ಜಾಣೆಗೆ ಕಾಣದೆ ಹೋಯಿತೇ?

ಹಾವೇರಿಯ ಆಪ್ತಸಮಾಲೋಚಕಿ:

ಕಾಣದೆ ಹೋಗಿರಲಿಕ್ಕಿಲ್ಲ, ಅಣ್ಣಾವ್ರೇ. ಬಿಳಿಯರಲ್ಲದ ದಾನಿಗಳನ್ನು ಒಗ್ಗೂಡಿಸುವ ಜಾಲವನ್ನು ಕಟ್ಟುವುದರಲ್ಲಿಯೂ ಅವರ ಪಾಲಿತ್ತು. ಹಣವನ್ನು ಯಾರು ಕೊಡುತ್ತಾರೆ ಎಂಬುದೇ ಯಾರ ಕೆಲಸ ನಡೆಯುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ ಎಂಬ ಅರಿವಿಲ್ಲದವರು ಅಂಥ ಕೆಲಸಕ್ಕೆ ಕೈ ಹಾಕುವುದಿಲ್ಲ. ಯೋಜನೆ ಮುಗಿದ ಮೇಲೆ ಬೋರ್ಡು ಇಳಿಯುವ ಕಥೆಯನ್ನು ನಾನೂ ಒಳಗಿನಿಂದ ನೋಡಿದ್ದೇನೆ. ಆದರೂ ಆ ಹಣವಿದ್ದ ವರ್ಷಗಳಲ್ಲಿ ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಜೀವಗಳು ಉಳಿದವು ಎಂಬುದನ್ನು ಅಲ್ಲಗಳೆಯಲಾರೆ. ನಮ್ಮ ದೇಶದಲ್ಲಿ ಎಚ್‌ಐವಿ ಸೋಂಕಿತರಿಗೆ ಸರಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದದ್ದೇ 2004ರ ಏಪ್ರಿಲಿನಲ್ಲಿ. ಸೋಂಕಿತರ ವಿರುದ್ಧ ಭೇದಭಾವವನ್ನು ನಿಷೇಧಿಸುವ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅದಕ್ಕೆ ಮೊದಲಿನ ದಿನಗಳಲ್ಲಿ ಕೈಗವಸಿಲ್ಲದೆ ಮುಟ್ಟುವವರೂ ಇಲ್ಲದ ರೋಗಿಗಳ ಪಕ್ಕದಲ್ಲಿ ಕುಳಿತವರಿಗೆ, 1980ರ ದಶಕದಲ್ಲಿ ಕೈದಿಗಳ ಏಡ್ಸ್ ಬಗ್ಗೆ ಮಾತನಾಡಿದ ವಕೀಲೆಯ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ದೇವಿಗೆ ಮುಡಿಪಾಗಿ ಸೀರೆ ಉಟ್ಟು ಬಾಳುವ ಜೋಗಪ್ಪಗಳಿಗೆ ನಮ್ಮ ಸೀಮೆಯಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಒಂದು ಜಾಗವಿದೆ. ಆ ಜಾಗದಲ್ಲಿ ಅವಮಾನವೂ ಇದೆ, ಬಡತನವೂ ಇದೆ, ಆದರೆ ಜಾಗವಂತೂ ಇದೆ. ಪಡ್ಡಲಗಿ (ದೇವಿಯ ಬುಟ್ಟಿ) ಹೊತ್ತು ಬಾಗಿಲಿಗೆ ಬಂದರೆ ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಹೆಣ್ಣು ಹೆಣ್ಣನ್ನು ಬಯಸಿ ಬದುಕಿದರೆ ಅದಕ್ಕೆ ದೇವರ ಹೆಸರಿನಲ್ಲಿಯೂ ಜಾಗವಿಲ್ಲ, ಬೈಗುಳದಲ್ಲಿಯೂ ಜಾಗವಿಲ್ಲ. ಬ್ಯಾಡಗಿ ಕಡೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಇಬ್ಬರನ್ನು ನಾನು ಬಲ್ಲೆ. ಗುರುತು ಸಿಗದಂತೆ ಹೇಳುತ್ತೇನೆ. ಒಬ್ಬಾಕೆ ವಿಧವೆ, ಇನ್ನೊಬ್ಬಾಕೆ ಗಂಡನ ಮನೆಯಿಂದ ತಿರುಗಿ ಬಂದವಳು. ಒಂದೇ ಖೋಲಿಯಲ್ಲಿ ಬಹಳ ವರ್ಷಗಳಿಂದ ಇದ್ದಾರೆ. ಓಣಿಯವರು ‘ಗೆಳತ್ಯಾರು’ ಎಂದು ಸುಮ್ಮನಾಗಿದ್ದಾರೆ. ಹಿರಿಯಳ ಹೆಸರಿನಲ್ಲಿ ಅವಳದೇ ರೇಷನ್ ಕಾರ್ಡ್ ಇದೆ. ಕಿರಿಯಳ ಹೆಸರು ಇನ್ನೂ ಅಣ್ಣನ ಮನೆಯ ಕಾರ್ಡಿನಲ್ಲಿದೆ. ಅವಳ ಪಾಲಿನ ಅಕ್ಕಿ ಅಣ್ಣನ ಮನೆಯಲ್ಲಿ ಬೇಯುತ್ತದೆ, ಊಟ ಇಲ್ಲಿ. ಹಿರಿಯಳಿಗೆ ಗರ್ಭಕೋಶದ ಆಪರೇಷನ್ ಆಗಬೇಕಾದಾಗ ಸಹಿ ಮಾಡಲು ಬೇರೆ ಊರಿನಿಂದ ಮೈದುನನನ್ನು ಕರೆಸಿದರು. ಹತ್ತು ವರ್ಷ ಅವಳ ಮುಖ ನೋಡದವನ ಸಹಿ ನಡೆಯಿತು, ರಾತ್ರಿಯಿಡೀ ವಾರ್ಡಿನ ಹೊರಗೆ ಕುಳಿತವಳ ಸಹಿ ನಡೆಯಲಿಲ್ಲ.

ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಂ ಹೋದದ್ದು ಇವರಿಗೆ ಗೊತ್ತಿಲ್ಲ. ಹೋದದ್ದರಿಂದ ಅವರ ಬದುಕಿನಲ್ಲಿ ಬದಲಾದದ್ದು ಏನು ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಊರ್ವಶಿ ಅವರ ವಾದ ನನಗೆ ಅರ್ಥವಾಗುವುದು ಇಲ್ಲಿ.

ನವನಗರ ಕಾನೂನು ವಿದ್ಯಾರ್ಥಿನಿ:

ಅಕ್ಕಾವ್ರೇ, ನಿಮ್ಮ ಮಾತಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. 2018ರ ಸೆಪ್ಟೆಂಬರ್ 6ರ ತೀರ್ಪು ಅಪರಾಧದ ಹಣೆಪಟ್ಟಿಯನ್ನು ಕಿತ್ತುಹಾಕಿತು. 2023ರ ಅಕ್ಟೋಬರ್ 17ರಂದು ಸಂವಿಧಾನ ಪೀಠವು ಮದುವೆಯಾಗುವ ಮೂಲಭೂತ ಹಕ್ಕು ಇಲ್ಲವೆಂದು ಹೇಳಿತು. ಆದರೆ ರೇಷನ್ ಕಾರ್ಡ್, ಬ್ಯಾಂಕ್ ಖಾತೆಯಂಥ ದಿನಬಳಕೆಯ ವಿಷಯಗಳನ್ನು ಪರಿಶೀಲಿಸುವ ಸಮಿತಿಯೊಂದನ್ನು ಕೇಂದ್ರ ಸರಕಾರ ರಚಿಸುವುದಾಗಿ ಹೇಳಿದ್ದನ್ನು ದಾಖಲಿಸಿಕೊಂಡಿತು. ಅದರ ಫಲವಾಗಿ 2024ರಲ್ಲಿ, ಇಂಥ ಸಂಗಾತಿಗಳನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಕುಟುಂಬವೆಂದು ಪರಿಗಣಿಸಬೇಕೆಂದು ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಸೂಚಿಸಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲವೆಂದು ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು.

ಇಲ್ಲಿಯೇ ಊರ್ವಶಿ ಅವರ ಪ್ರಶ್ನೆ ಎದುರಾಗುತ್ತದೆ. ಆ ಇಬ್ಬರೂ ನಾಳೆ ಒಂದೇ ಕಾರ್ಡಿಗೆ ಬಂದರು ಎಂದುಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿರುವ ಒಬ್ಬ ಯಜಮಾನಿಗೆ ಮಾತ್ರ ಬರುತ್ತದೆ. ಕಿರಿಯಳು ಈ ಹಣದ ಆಸೆಯಿಂದ ಸ್ವಂತ ಕಾರ್ಡ್ ಕೇಳಬೇಕೋ, ಸಂಗಾತಿ ಎಂದು ಬರೆಸಿಕೊಳ್ಳಬೇಕೋ? ಸಂಗಾತಿ ಎಂದು ಬರೆಸಲು ನ್ಯಾಯಬೆಲೆ ಅಂಗಡಿಯ ಮುಂದೆ, ಓಣಿಯ ಜನರ ಎದುರಿಗೆ, ಬಾಯಿ ಬಿಟ್ಟು ಹೇಳಬೇಕಲ್ಲವೇ? ಕಾಗದದ ಮೇಲಿನ ಹಕ್ಕನ್ನು ಬಳಸಿಕೊಳ್ಳಲು ಬೇಕಾದ ಧೈರ್ಯ, ದುಡ್ಡು ಮತ್ತು ಬಿಡುವು ಯಾರಲ್ಲಿವೆಯೋ ಅವರಿಗೆ ಮಾತ್ರ ಅದು ದಕ್ಕುತ್ತದೆ.

ಅಂದಹಾಗೆ, ಹೆಣ್ಣುಮಕ್ಕಳ ವಿಷಯದಲ್ಲಿ 377ಕ್ಕಿಂತ ಹೆಚ್ಚಾಗಿ ಬಳಕೆಯಾದದ್ದು ಬೇರೆ ಹತಾರಗಳು. ಮಗಳು ಕಾಣೆಯಾಗಿದ್ದಾಳೆ, ಯಾರೋ ಅಪಹರಿಸಿದ್ದಾರೆ ಎಂದು ತಂದೆತಾಯಿ ದೂರು ಕೊಡುವುದು, ಠಾಣೆಯಲ್ಲಿ ಬುದ್ಧಿ ಹೇಳಿಸಿ ಮನೆಗೆ ಕಳಿಸುವುದು, ‘ಸರಿಪಡಿಸಲು’ ಸಮಾಲೋಚನೆಗೆ ಕರೆದೊಯ್ಯುವುದು. ಈ ಬಗೆಯ ಪ್ರಕರಣಗಳಲ್ಲಿ ನ್ಯಾಯಾಲಯಗಳು ಹೇಗೆ ನಡೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ಕೇರಳದ ಪ್ರಕರಣವೊಂದರಲ್ಲಿ ಮಾರ್ಗಸೂಚಿ ಕೊಟ್ಟಿದೆ. ವ್ಯಕ್ತಿಯ ಒಲವನ್ನು ಬದಲಿಸುವ ಉದ್ದೇಶದ ಸಮಾಲೋಚನೆಗೆ ನ್ಯಾಯಾಲಯವು ಆದೇಶ ನೀಡಕೂಡದು ಎಂಬುದು ಅದರಲ್ಲಿ ಮುಖ್ಯವಾದದ್ದು.

ಹೆಸರು ಬೇಡ (ಹುಬ್ಬಳ್ಳಿ):

ಇಷ್ಟು ಬರಹಗಳಾದವು. ಜೈಲು ಬಂತು, ಫೌಂಡೇಷನ್ ಬಂತು, ತಂದೆ ಬಂದರು, ರೇಷನ್ ಕಾರ್ಡೂ ಬಂತು. ಊರ್ವಶಿ ವೈದ್ ಅವರು ಯಾರನ್ನು ಪ್ರೀತಿಸಿದರು, ಯಾರ ಜೊತೆ ಬಾಳಿದರು ಎಂಬುದನ್ನು ಯಾರೂ ಬರೆಯಲಿಲ್ಲ. ನಮ್ಮಂಥವರನ್ನು ಗೌರವದಿಂದ ನೆನೆಯುವ ಸಭ್ಯರು ಮಾಡುವುದೇ ಹೀಗೆ: ಸಾಮಾಜಿಕ ಕಾರ್ಯಕರ್ತೆ ಎಂದು ಹೊಗಳುತ್ತಾ ಹೊಗಳುತ್ತಾ ಮನೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡುತ್ತಾರೆ.

ಅವರ ಸಂಗಾತಿಯ ಹೆಸರು ಕೇಟ್ ಕ್ಲಿಂಟನ್. ವೇದಿಕೆಯ ಮೇಲೆ ಒಬ್ಬಳೇ ನಿಂತು ಜನರನ್ನು ನಗಿಸುವ ಹಾಸ್ಯ ಕಲಾವಿದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅವರಿಬ್ಬರು ಜೊತೆಯಲ್ಲಿದ್ದರು. ಒಬ್ಬರು ಬೀದಿಯಲ್ಲಿ ಫಲಕ ಹಿಡಿದರು, ಇನ್ನೊಬ್ಬರು ಅದೇ ರಾಜಕೀಯವನ್ನು ನಗೆಯಾಗಿಸಿ ಹೇಳಿದರು. ಸಂಸ್ಥೆಗಳು, ವರದಿಗಳು, ಹುದ್ದೆಗಳು ಎಲ್ಲವೂ ಸರಿ. ಹುಬ್ಬಳ್ಳಿಯ ಲೇಡೀಸ್ ಹಾಸ್ಟೆಲಿನಲ್ಲಿ ಮೊದಲ ಬಾರಿ ಅವರ ಬಗ್ಗೆ ಓದಿದಾಗ ನನಗೆ ಬೇಕಾಗಿದ್ದದ್ದು ಆ ಒಂದು ಸಂಗತಿ ಮಾತ್ರ. ಭಾರತದಲ್ಲಿ ಹುಟ್ಟಿದ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಜೊತೆ ಸಂಸಾರ ಮಾಡಿ, ಅದನ್ನು ಮುಚ್ಚಿಡದೆ, ಅರವತ್ತು ದಾಟುವವರೆಗೆ ಬದುಕಿದ್ದಳು. ಆವರೆಗೆ ನಾನು ಓದಿದ್ದ ಇಂಥವರ ಸುದ್ದಿಗಳೆಲ್ಲ ಬಾವಿಯಲ್ಲೋ ರೈಲು ಹಳಿಯಲ್ಲೋ ಮುಗಿಯುತ್ತಿದ್ದವು.

ನಾನು ಈಗ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಪ್ರತಿ ಹಬ್ಬಕ್ಕೂ ‘ಹುಡುಗನ ಕಡೆಯವರು ಫೋಟೋ ಕೇಳ್ಯಾರ’ ಎನ್ನುತ್ತಾರೆ. ಸಾಮಾಜಿಕ ನ್ಯಾಯ, ಬಡತನ, ವರ್ಗ, ಜಾತಿ ಎಂದು ನೀವು ಹೇಳುವುದೆಲ್ಲ ನನಗೂ ಬೇಕು. ಆದರೆ ಲೆಸ್ಬಿಯನ್ ಎಂಬ ಮಾತನ್ನು ಎಲ್ಲಕ್ಕಿಂತ ಕೊನೆಗೆ, ದನಿ ತಗ್ಗಿಸಿ ಹೇಳುವುದಾದರೆ ಆ ನ್ಯಾಯದಲ್ಲಿ ನನ್ನ ಪಾಲು ಎಷ್ಟು?

ಧಾರವಾಡದ ಓದುಗಿ:

ತಂಗೀ, ನೀನು ಬರೆದದ್ದು ಊರ್ವಶಿ ಅವರ ಕೊನೆಯ ವರ್ಷಗಳ ಕೆಲಸಕ್ಕೆ ನೇರವಾಗಿ ತಾಗುತ್ತದೆ. ಅಮೆರಿಕದಲ್ಲಿ 2015ರ ತೀರ್ಪಿನಿಂದ ಸಲಿಂಗ ವಿವಾಹಕ್ಕೆ ದೇಶವ್ಯಾಪಿ ಮಾನ್ಯತೆ ಬಂದ ಮೇಲೆ ಅನೇಕರು ಹೋರಾಟ ಮುಗಿಯಿತೆಂದುಕೊಂಡರು. ಊರ್ವಶಿ ಮಾತ್ರ ಆ ಚಳವಳಿಯೊಳಗೂ ಗಂಡಸರ ಬದುಕೇ ಎಲ್ಲರ ಬದುಕೆಂದು ಎಣಿಕೆಯಾಗುತ್ತದೆ, ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳ ಆರೋಗ್ಯ, ಆದಾಯ, ಒಂಟಿತನ, ಅವರ ಮೇಲಾಗುವ ಹಿಂಸೆ ಇವುಗಳ ಲೆಕ್ಕವನ್ನೇ ಯಾರೂ ಇಟ್ಟಿಲ್ಲ ಎಂದು ಕಂಡುಕೊಂಡು, ಅಂಥ ಮಹಿಳೆಯರದೇ ಒಂದು ರಾಷ್ಟ್ರೀಯ ಸಮೀಕ್ಷೆಗೆ ಮುಂದಾದರು. ಐದು ಸಾವಿರದಷ್ಟು ಮಹಿಳೆಯರು ಅದರಲ್ಲಿ ಉತ್ತರಿಸಿದರು. ಕಾಯಿಲೆ ಉಲ್ಬಣಿಸಿದ್ದಾಗಲೂ ಅವರು ಆ ಕೆಲಸದಲ್ಲಿದ್ದರು; ವರದಿ ಹೊರಬಂದದ್ದು ಅವರು ತೀರಿಕೊಂಡ ಮೇಲೆ. ಪಾಲು ಎಷ್ಟು ಎಂದು ನೀನು ಕೇಳಿದ ಪ್ರಶ್ನೆಯನ್ನೇ ಅವರು ಅಂಕಿಅಂಶಗಳಲ್ಲಿ ಕೇಳಿದರು.

ವಿದ್ಯಾನಗರ ಹುಬ್ಬಳ್ಳಿ:

ದಾನಿಗಳ ಬಗೆಗಿನ ನನ್ನ ತಕರಾರು ಹಾಗೆಯೇ ಇರುತ್ತದೆ. ಆದರೆ ಸಮೀಕ್ಷೆಯ ಮಾತು ನನಗೆ ಹಿಡಿಸಿತು, ಏಕೆಂದರೆ ಸಂಘಟನೆ ಕಟ್ಟುವವನಿಗೆ ಮೊದಲು ಬೇಕಾದದ್ದು ಜನ ಎಲ್ಲಿದ್ದಾರೆ, ಅವರಿಗೆ ಎಷ್ಟು ಕೂಲಿ ಸಿಗುತ್ತದೆ ಎಂಬ ಲೆಕ್ಕ. ನಮ್ಮ ಸಂಘಟನೆಯಲ್ಲಿ ಮನೆಗೆಲಸದ ಹೆಣ್ಣುಮಕ್ಕಳ ಪಟ್ಟಿ ಮಾಡುವಾಗ ವಿವಾಹಿತೆ, ಅವಿವಾಹಿತೆ, ವಿಧವೆ, ಗಂಡ ಬಿಟ್ಟವಳು ಎಂದು ನಾಲ್ಕು ಅಂಕಣ ಹಾಕುತ್ತಿದ್ದೆವು. ‘ಯಾರ ಜೊತೆ ಇದ್ದೀರಿ, ಕಷ್ಟಕ್ಕೆ ಯಾರನ್ನು ಕರೆಯುತ್ತೀರಿ’ ಎಂದು ಕೇಳಿದ್ದರೆ ಬೇರೆಯೇ ಪಟ್ಟಿ ಸಿಗುತ್ತಿತ್ತು.

ಹಾವೇರಿಯ ಆಪ್ತಸಮಾಲೋಚಕಿ:

ಅಣ್ಣಾವ್ರೇ, ಆ ಅಂಕಣವನ್ನು ಹಾಕುವ ಮುನ್ನ ಪಟ್ಟಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಯೋಚಿಸಬೇಕು. ನಾವು ಫೈಲುಗಳಿಗೆ ಹೆಸರಿನ ಬದಲು ಸಂಖ್ಯೆ ಹಾಕಿ, ಬೀಗ ಹಾಕಿ ಇಟ್ಟರೂ ಊರಿಗೆಲ್ಲ ಸುದ್ದಿ ಹೋದ ಉದಾಹರಣೆಗಳಿವೆ. ಎಣಿಕೆಗೆ ಸಿಗದಿದ್ದರೆ ಯೋಜನೆಯಿಲ್ಲ, ಎಣಿಕೆಗೆ ಸಿಕ್ಕರೆ ಓಣಿಯಲ್ಲಿ ಬಾಳುವಂತಿಲ್ಲ. ಓಣಿಯವರು ‘ಗೆಳತ್ಯಾರು’ ಎಂದು ಸುಮ್ಮನಿರುವುದು ಆ ಇಬ್ಬರ ಪಾಲಿಗೆ ಸದ್ಯಕ್ಕಿರುವ ಒಂದೇ ರಕ್ಷಣೆ. ಅದನ್ನು ನಾವು ಒಳ್ಳೆಯ ಉದ್ದೇಶದಿಂದಲೇ ಕಳೆದುಬಿಡಬಾರದು. ಈ ವಿಷಯದಲ್ಲಿ ಊರ್ವಶಿ ಅವರ ಅನುಭವ ನಮಗೆ ಪೂರ್ತಿ ಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ. ಹೊರಗೆ ಬಂದು ಹೇಳಿಕೊಳ್ಳಿ ಎಂಬ ಕರೆ ಅಲ್ಲಿಯ ಚಳವಳಿಗೆ ಬಲ ಕೊಟ್ಟಿತು. ಇಲ್ಲಿ ಕೂಲಿಯ ಹೆಣ್ಣುಮಗಳು ಹೊರಗೆ ಬಂದರೆ ಮೊದಲು ಹೋಗುವುದು ಖೋಲಿ, ಆಮೇಲೆ ಕೆಲಸ.

ನವನಗರದ ತಂಗಿಗೆ ಒಂದು ಪ್ರಶ್ನೆ: ಓಣಿಯವರಿಗೆ ಏನನ್ನೂ ಹೇಳದೆ, ಆ ಇಬ್ಬರು ಈಗ ಮಾಡಿಕೊಳ್ಳಬಹುದಾದದ್ದು ಏನಾದರೂ ಇದೆಯೇ? ಖೋಲಿಯ ಡಿಪಾಜಿಟ್ಟು, ಒಂದಿಷ್ಟು ಬಂಗಾರ, ಸಂಘದಲ್ಲಿನ ಉಳಿತಾಯ, ಇಷ್ಟೇ ಅವರ ಆಸ್ತಿ. ಒಬ್ಬಳು ಹೋದರೆ ಮೈದುನನೋ ಅಣ್ಣನೋ ಬಂದು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಾನೆ ಎಂಬ ಹೆದರಿಕೆ ಅವರಿಗಿದೆ.

ನವನಗರ ಕಾನೂನು ವಿದ್ಯಾರ್ಥಿನಿ:

ಇದೆ, ಅಕ್ಕಾವ್ರೇ. ಇಬ್ಬರೂ ಪರಸ್ಪರರ ಹೆಸರಿಗೆ ಮೃತ್ಯುಪತ್ರ ಬರೆದಿಡಬಹುದು. ಸ್ವಂತ ಗಳಿಕೆಯನ್ನು ಯಾರಿಗೆ ಬೇಕಾದರೂ ಬರೆಯಬಹುದು, ಅವರು ಸಂಬಂಧಿಕರೇ ಆಗಿರಬೇಕೆಂದಿಲ್ಲ. ಸ್ಟ್ಯಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿ ಅಥವಾ ಹೆಬ್ಬೆಟ್ಟು ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿ ಹಾಕುವವರೇ ಆಸ್ತಿ ಪಡೆಯುವವರಾಗಬಾರದು, ಆದ್ದರಿಂದ ಒಬ್ಬರಿಗೊಬ್ಬರು ಸಾಕ್ಷಿಯಾಗುವುದು ಬೇಡ. ಬ್ಯಾಂಕಿನ ಖಾತೆಗೆ ಒಬ್ಬರನ್ನೊಬ್ಬರು ನಾಮಿನಿ ಮಾಡಲಿ. ಸಂಘದ ಉಳಿತಾಯದ ಬಗ್ಗೆ ಸಂಘದ ಪುಸ್ತಕದಲ್ಲಿಯೇ ಬರೆಸಲಿ. ಮೃತ್ಯುಪತ್ರದಲ್ಲಿ ‘ನನ್ನ ಜೊತೆಯಲ್ಲಿದ್ದು ನನ್ನನ್ನು ನೋಡಿಕೊಂಡವಳು’ ಎಂದು ಬರೆದರೆ ಸಾಕು.

ಬರೆಯಿಸಲು ವಕೀಲರ ಫೀಸು ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಉಚಿತ ನೆರವಿಗೆ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ. ಬ್ಯಾಡಗಿಯ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿ; ಅಲ್ಲಿ ಪರಿಚಯದವರು ಎದುರಾಗುತ್ತಾರೆಂಬ ಅಂಜಿಕೆಯಿದ್ದರೆ ಹಾವೇರಿಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ನೀವು ಕರೆದುಕೊಂಡು ಹೋಗುವುದಾದರೆ ನಾನೂ ಬರುತ್ತೇನೆ, ದಿನ ತಿಳಿಸಿ.